ಓ ಅಂದರೆ ಯಾವ ಊರು?

ಬೆರ್ರಿಯೆಸಾ, ಸ್ಯಾನ್ ಹೋಸೆ
ನವೆಂಬರ್ ೩, ೨೦೨೫, ಸೋಮವಾರ

ನನ್ನ ಮಗಳೇ ಅಪೇಕ್ಷಾ,

ಹೇಗಿದ್ದೀ? ಕೆಮ್ಮು ಕಡಿಮೆಯಾಯಿತಾ? ಹೊರಡುವ ದಿನ ಏರ್‌ಪೋರ್ಟಿನಲ್ಲಿ ನೀನು ಕೆಮ್ಮಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಸೂಟ್‌ಕೇಸಿನ ಬದಿಯ ಚೀಲದಲ್ಲಿ ಕಷಾಯದ ಪುಡಿ ಇಟ್ಟಿದ್ದೆ, ಕಂಡಿತೋ ಇಲ್ಲವೋ. ಬಿಸಿನೀರಿಗೆ ಒಂದು ಚಮಚ ಹಾಕಿ ಬೆಲ್ಲ ಸೇರಿಸಿ ಕುಡಿ. ಐರ್ಲೆಂಡಿನಲ್ಲಿ ಬೆಲ್ಲ ಎಲ್ಲಿ ಸಿಗುತ್ತದೆ ಎಂದು ಮುಖ ಸಿಂಡರಿಸಬೇಡ, ಸಕ್ಕರೆಯಾದರೂ ನಡೆಯುತ್ತದೆ. ಗೆಸ್ಟ್‌ಹೌಸಿನ ಯಜಮಾನಿ ಒಳ್ಳೆಯವಳು ಎಂದು ಬರೆದಿದ್ದೆಯಲ್ಲ, ಅವಳ ಹತ್ತಿರ ಬಿಸಿನೀರು ಕೇಳಲು ಸಂಕೋಚಪಡಬೇಡ. ಸಣ್ಣವಳಿದ್ದಾಗಿನಿಂದಲೂ ನೀನು ಹಾಗೆಯೇ, ಹಸಿವಾದರೂ ಬೇರೆಯವರ ಮನೆಯಲ್ಲಿ ಬಾಯಿ ಬಿಡುವವಳಲ್ಲ. ಸರಿಯಾಗಿ ಊಟ ಮಾಡು. ಆಗಸ್ಟಿನಲ್ಲಿ ಡೆಕ್ಲನ್ ತೀರಿಹೋದ ಮೇಲೆ ನೀನು ಎಷ್ಟು ಇಳಿದುಹೋಗಿದ್ದೀ ಎಂದು ನಿನಗೇ ಗೊತ್ತಿಲ್ಲ. ಎಲ್ಲ ಪ್ಯಾಂಟುಗಳಿಗೂ ಈಗ ಬೆಲ್ಟು ಬೇಕಾಗಿದೆ ಎನ್ನುವುದನ್ನು ನಾನು ನೋಡಿದ್ದೇನೆ.

ಫೋನು ಮಾಡಬೇಡ ಅಮ್ಮ, ಬೇಕಿದ್ದರೆ ಬರೆ ಎಂದು ನೀನು ಹೇಳಿದ್ದಕ್ಕೆ ನನಗೆ ಬೇಸರವಿಲ್ಲ. ಸುಳ್ಳು, ಬೇಸರವಿದೆ. ಆದರೆ ನಾನು ಒಂದು ಮಾತು ಆಡುವುದು, ನೀನು ಅಳುವುದು, ಅದನ್ನು ಕೇಳಿ ನಾನು ಅಳುವುದು, ಪಕ್ಕದಲ್ಲಿ ಮಗು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನಿಲ್ಲುವುದು, ಇದೆಲ್ಲ ಯಾರಿಗೆ ಬೇಕು? ಆದ್ದರಿಂದ ಬರೆಯುತ್ತಿದ್ದೇನೆ. ಬರೆದು ಮುಗಿದ ಮೇಲೆ ಗಾರ್ಗಿ ಒಂದೊಂದೇ ಪುಟದ ಫೋಟೋ ತೆಗೆದು ನಿನಗೆ ಕಳಿಸುತ್ತಾಳಂತೆ. ಅವಳಿಗೆ ಕನ್ನಡ ಕೇಳಿದರೆ ಗೊತ್ತಾಗುತ್ತದೆ, ಓದಲು ಬರುವುದಿಲ್ಲ. ಎಂಟು ವರ್ಷವಾದರೂ ಅಕ್ಷರ ಕಲಿಸಲಿಲ್ಲವೆಂದು ನಿನ್ನನ್ನೂ ಡೆಕ್ಲನ್‌ನನ್ನೂ ಎಷ್ಟು ಸಲ ಬೈದಿದ್ದೇನೆ. ಇವತ್ತು ಮಾತ್ರ ಕಲಿಸದಿದ್ದದ್ದೇ ಒಳ್ಳೆಯದಾಯಿತು ಎನ್ನಿಸುತ್ತಿದೆ.

ಮಗು ಚೆನ್ನಾಗಿದ್ದಾಳೆ. ಶಾಲೆಗೆ ಹೋಗುತ್ತಾಳೆ, ಬರುತ್ತಾಳೆ, ಹೋಮ್‌ವರ್ಕು ಮಾಡುತ್ತಾಳೆ. ನಗು ಕಡಿಮೆ. ಬಾಗಿಲ ಹತ್ತಿರ ಇರುವ ಅಪ್ಪನ ಶೂ ತೆಗೆದಿಡಬೇಡ ಅಜ್ಜಿ ಎಂದು ಹೇಳಿದ್ದಾಳೆ, ನಾನು ಗುಡಿಸುವಾಗ ಎತ್ತಿ ಮತ್ತೆ ಅಲ್ಲೇ ಇಡುತ್ತೇನೆ. ಈ ಸಲ ದೀಪಾವಳಿಗೆ ಅಕ್ಕಪಕ್ಕದ ನಮ್ಮವರ ಮನೆಗಳಲ್ಲೆಲ್ಲ ದೀಪ. ನಮ್ಮ ಮನೆ ಮಾತ್ರ ಕತ್ತಲೆಯಲ್ಲಿದ್ದದ್ದು ನೋಡಿ, ಮುಂದಿನ ವರ್ಷ ಇಡಬಹುದಾ ಎಂದು ಕೇಳಿದಳು. ಇಡುವಾ ಎಂದೆ. ನಿನ್ನೆ ಇಲ್ಲಿ ಗಡಿಯಾರ ಹಿಂದಕ್ಕೆ ಹಾಕಿದರು. ಇನ್ನು ಐದು ಗಂಟೆಗೇ ಕತ್ತಲೆ. ಇಷ್ಟು ವರ್ಷ ಅಮೆರಿಕದಲ್ಲಿದ್ದರೂ ಈ ಒಂದು ಪದ್ಧತಿ ನನಗೆ ಒಗ್ಗಲಿಲ್ಲ. ಮೊದಲೇ ಮಂಕು ಹಿಡಿದ ಮನೆಗೆ ಇನ್ನೂ ಒಂದು ಗಂಟೆ ಕತ್ತಲೆಯನ್ನು ಯಾರು ಕೇಳಿದ್ದರು?

ಈಗ ನಮ್ಮ ಬೀಗರ ವಿಷಯ. ಪ್ರತಿ ಭಾನುವಾರದ ಹಾಗೆ ನೀನು ಹೋದ ಮೇಲೂ ಸ್ಯಾನ್ ಫ್ರಾನ್ಸಿಸ್ಕೋದಿಂದ ರೈಲು ಹಿಡಿದು ಬರುತ್ತಾರೆ. ಬೆರ್ರಿಯೆಸಾ ಸ್ಟೇಷನ್ನಿಗೆ ನಾನೂ ಗಾರ್ಗಿಯೂ ನಡೆದುಹೋಗಿ ಕರೆದುಕೊಂಡು ಬರುತ್ತೇವೆ. ಜನ್ಮವೆಲ್ಲ ಸಿಟಿಯ ಟ್ರಾಮು ಓಡಿಸಿದ ಮನುಷ್ಯ ಅಲ್ಲವಾ, ಎಂಬತ್ತನಾಲ್ಕರಲ್ಲೂ ರೈಲಿನಿಂದ ಇಳಿದ ಕೂಡಲೇ ಡ್ರೈವರಿಗೆ ಕೈ ಎತ್ತದೆ ಮುಂದೆ ಬರುವುದಿಲ್ಲ. ನನ್ನನ್ನು ಕಂಡ ಕೂಡಲೇ "ಹೌ ಇಸ್ ಓಕ್ಲೆಂಡ್, ಸರೋಜಿನಿ?" ಎಂದು ಕೇಳುವ ಆ ಹಳೆಯ ತಮಾಷೆಯನ್ನು ಮಾತ್ರ ಬಿಟ್ಟುಬಿಟ್ಟಿದ್ದಾರೆ. ನನಗೆ ಅದು ಎಷ್ಟು ಕಿರಿಕಿರಿಯಾಗುತ್ತಿತ್ತೋ ಈಗ ಅಷ್ಟೇ ಬೇಕೆನಿಸುತ್ತದೆ.

ನೆನಪಿದೆಯಾ, ನಿಮ್ಮ ಮದುವೆ ಮಾತಿನ ದಿನ? ಕಾಗದದಲ್ಲಿ ತಂದೆಯ ಹೆಸರು ಜೆರಾಲ್ಡ್ ಡ್ರಿಸ್ಕಾಲ್, ಮಗನ ಹೆಸರು ಡೆಕ್ಲನ್ ಓ'ಡ್ರಿಸ್ಕಾಲ್. ತಂದೆಗೆ ಇಲ್ಲದ ಇನಿಷಿಯಲ್ಲು ಮಗನಿಗೆ ಎಲ್ಲಿಂದ ಬಂತು ಎಂದು ನನಗೆ ತಲೆಬಿಸಿ. ನಮ್ಮಲ್ಲಿ ಇನಿಷಿಯಲ್ಲು ಎಂದರೆ ಊರು. ನಿನ್ನ ಅಪ್ಪ ಕೆ. ಲೀಲಾಧರ. ಇಲ್ಲಿಗೆ ಬಂದಾಗ ಆಫೀಸಿನವರು ಕೆ ಅಂದರೇನು ಎಂದು ಕೇಳಿ, ಕಟಪಾಡಿ ಎಂದದ್ದೇ ತಡ, ಅದನ್ನೇ ಎಳೆದು ಹಿಂದಕ್ಕೆ ಹಾಕಿ ಲಾಸ್ಟ್‌ನೇಮ್ ಮಾಡಿಬಿಟ್ಟರು. ಹಾಗಾಗಿ ನಾನು ಬಹಳ ತಿಳಿದವಳ ಹಾಗೆ ಬೀಗರನ್ನು ಕೇಳಿದೆ, ನಿಮ್ಮ ಮಗನ ಓ ಅಂದರೆ ಯಾವ ಊರು, ಓಕ್ಲೆಂಡಾ ಎಂದು. ಹುಟ್ಟಿದ್ದು ಅಲ್ಲೇನೋ, ಆಸ್ಪತ್ರೆ ಅಲ್ಲಿತ್ತೇನೋ ಎಂದು ನನ್ನ ಲೆಕ್ಕಾಚಾರ. ಆ ಮನುಷ್ಯ ನಗಲು ಶುರು ಮಾಡಿ ಕಣ್ಣೀರು ಒರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ. ನೀನು ನಾಚಿಕೆಯಿಂದ ಅಡುಗೆಮನೆಗೆ ಓಡಿದೆ. ಡೆಕ್ಲನ್ ಮಾತ್ರ ನಗದೆ, ಅದು ಒಳ್ಳೆಯ ಪ್ರಶ್ನೆ ಎಂದು ನನ್ನ ಪಕ್ಕದಲ್ಲಿ ಬಂದು ಕುಳಿತ. ಆ ಹುಡುಗ ನನಗೆ ಇಷ್ಟವಾದದ್ದು ಆ ಕ್ಷಣದಲ್ಲಿ. ನಿನಗೆ ಇದನ್ನು ಯಾವತ್ತೂ ಹೇಳಿರಲಿಲ್ಲ.

ಓ ಅಂದರೆ ಮೊಮ್ಮಗ, ಆ ವಂಶದವನು ಎಂದು ಅವತ್ತು ಅವನೇ ಬಿಡಿಸಿ ಹೇಳಿದ್ದು. ಅವರ ಹಳೆಯ ಭಾಷೆಯಲ್ಲಿ ಹೆಸರು ಬೇರೆಯೇ ಇದೆ, ಓ ಹೆದಿರ್‌ಶ್ಕೋಲ್ ಎನ್ನುವ ಹಾಗೇನೋ. ನನ್ನ ನಾಲಿಗೆ ಅಲ್ಲಿಗೆ ತಿರುಗುವುದಿಲ್ಲ. ಅರ್ಥ ಮಾತ್ರ ಮನಸ್ಸಿನಲ್ಲಿ ಕೂತಿದೆ. ಇಬ್ಬರ ನಡುವೆ ಓಡಾಡಿ ಸುದ್ದಿ ಮುಟ್ಟಿಸುವವನು ಎಂದಂತೆ. ಯಾವುದೋ ಕಾಲದಲ್ಲಿ ಎರಡು ಕಡೆಯವರ ಮಾತು ಬಲ್ಲ ಒಬ್ಬ ಇದ್ದಿರಬೇಕು, ಅವನ ಮೊಮ್ಮಕ್ಕಳು ಇವರು. ಆಮೇಲೆ ಅವರೇ ನೀನೀಗ ಕುಳಿತಿರುವ ಆ ಕಡಲ ಬದಿಯ ದೊರೆಗಳಾಗಿ, ಬಂದುಹೋಗುವ ಮೀನಿನ ದೋಣಿಗಳಿಂದ ಸುಂಕ ಎತ್ತಿದರಂತೆ. ಮಲ್ಪೆಯಲ್ಲಾಗಿದ್ದರೆ ಮೀನುಗಾರರು ಬಿಡುತ್ತಿದ್ದರಾ ಎಂದು ನಾನು ಕೇಳಿದ್ದೆ. ದೊರೆತನವೆಲ್ಲ ಇಂಗ್ಲಿಷರ ಕಾಲಕ್ಕೆ ಹೋಯಿತು. ಉಳಿದದ್ದು ಬಾಡಿಗೆಯ ಗದ್ದೆ ಮತ್ತು ಬಟಾಟೆ.

ಆ ಬಟಾಟೆಯೂ ಕೊಳೆತು ಬರ ಬಿದ್ದ ಕಥೆಯನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ. ನೀನು ಫೋಟೋ ಕಳಿಸಿದೆಯಲ್ಲ, ಸ್ಕಿಬರೀನ್ ಎನ್ನುವ ಪೇಟೆಯ ಹೊರಗೆ, ಒಂದು ಹೆಸರೂ ಇಲ್ಲದ ದೊಡ್ಡ ಹುಲ್ಲಿನ ಜಾಗ, ಅದರಡಿಯಲ್ಲಿ ಹಸಿವಿನಿಂದ ಸತ್ತ ಸಾವಿರಾರು ಜನ. ಅದನ್ನು ನೋಡಿದ ರಾತ್ರಿ ನನಗೆ ಅನ್ನ ಸೇರಲಿಲ್ಲ. ಅಲ್ಲಿಂದ ತಪ್ಪಿಸಿಕೊಂಡು ಹಡಗು ಹತ್ತಿದವನು ನಮ್ಮ ಡೆಕ್ಲನ್‌ನ ಮುತ್ತಜ್ಜನ ಅಪ್ಪ, ಫ್ಲಾರೆನ್ಸ್. ಹೆಂಗಸಿನ ಹೆಸರಿನ ಗಂಡಸು. ಅವರ ಭಾಷೆಯ ಒಂದು ಹೆಸರನ್ನು ಇಂಗ್ಲಿಷರು ಹಾಗೆ ತಿರುಚಿದ್ದಂತೆ. ಓ ಯಾವಾಗ ಬಿದ್ದುಹೋಯಿತು ಎನ್ನುವುದಕ್ಕೆ ಆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. ಊರಲ್ಲೇ ಇಂಗ್ಲಿಷರು ಬಿಡಿಸಿದ್ದರು ಎಂದು ಒಬ್ಬರು, ಇಲ್ಲಿ ಕೆಲಸ ಸಿಗಲೆಂದು ತಾನೇ ಬಿಟ್ಟ ಎಂದು ಇನ್ನೊಬ್ಬರು. ಬೀಗರ ಅಜ್ಜಿ ಮಾತ್ರ ಅದು ಹಡಗಿನಿಂದ ನೀರಿಗೆ ಬಿತ್ತು, ಎತ್ತಿಕೊಳ್ಳುವಷ್ಟು ಶಕ್ತಿ ಯಾರಿಗೂ ಇರಲಿಲ್ಲ ಎನ್ನುತ್ತಿದ್ದರಂತೆ.

ಫ್ಲಾರೆನ್ಸ್ ಸ್ಯಾನ್ ಫ್ರಾನ್ಸಿಸ್ಕೋದ ಬಂದರಿನಲ್ಲಿ ಹೊರೆ ಹೊತ್ತು, ಮಕ್ಕಳನ್ನು ಸಾಕಿ, ಅಲ್ಲೇ ಗುಡ್ಡದ ಸ್ಮಶಾನದಲ್ಲಿ ಮಣ್ಣಾದ. ಅಲ್ಲಿಗೂ ಆ ಮನುಷ್ಯನ ಅಲೆದಾಟ ಮುಗಿಯಲಿಲ್ಲ. ಊರು ಬೆಳೆದು ಜಾಗ ಸಾಲದೆ, ಸತ್ತವರನ್ನೆಲ್ಲ ಅಗೆದು ದಕ್ಷಿಣದ ಕೋಲ್ಮಾಕ್ಕೆ ಸಾಗಿಸಿದರಲ್ಲ, ಆಗ ಅವನ ಮೂಳೆಯೂ ಸಾವಿರಾರು ಜನರ ಮೂಳೆಗಳ ಜೊತೆ ಒಂದೇ ದಿಬ್ಬದೊಳಗೆ ಸೇರಿತು. ಯಾರದ್ದು ಯಾವುದು ಎಂದು ದೇವರಿಗೇ ಗೊತ್ತು. ಸಮಾಧಿಯ ಕಲ್ಲುಗಳನ್ನು ಒಡೆದು ಸಮುದ್ರದ ದಡಕ್ಕೂ ಪಾರ್ಕಿನ ಚರಂಡಿಗೂ ಹಾಸಿದರು. ಬೀಗರು ಒಂದು ಸಲ ನನ್ನನ್ನೂ ಗಾರ್ಗಿಯನ್ನೂ ಆ ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಚರಂಡಿಯ ಕಲ್ಲಿನಲ್ಲಿ ಅಲ್ಲಲ್ಲಿ ಅಕ್ಷರ ಕಾಣುತ್ತದೆ. ಅವರು ಬಗ್ಗಿ ಬಗ್ಗಿ ನೋಡುತ್ತಲೇ ಇದ್ದರು. ಏನು ಹುಡುಕುತ್ತೀರಿ ಎಂದರೆ, ಡಿ ಅಕ್ಷರ ಎಂದರು. ಹುಡುಗನಾಗಿದ್ದಾಗಿನಿಂದ ಹುಡುಕುತ್ತಿದ್ದಾರಂತೆ, ಸಿಕ್ಕಿಲ್ಲ.

ಈ ಎಲ್ಲ ಕಥೆಯನ್ನು ಕೇಳುತ್ತಾ ಬೆಳೆದ ಡೆಕ್ಲನ್‌ಗೆ ಬಿದ್ದುಹೋದ ಓ ಎತ್ತಿಕೊಳ್ಳುವ ಆಸೆಯಾದದ್ದು ಸಹಜ. ಕಾಲೇಜಿನಲ್ಲೇ ಎತ್ತಿ ಹಾಕಿಕೊಂಡ. ಅಪ್ಪ ಹಾಕಿಕೊಳ್ಳಲಿಲ್ಲ. ನನ್ನ ಅಪ್ಪನ ಹೆಸರಿಗೆ ಇರದ ಆಭರಣ ನನಗೇಕೆ ಎಂದರಂತೆ. ಅದರ ಮೇಲೆ ಅವರಿಬ್ಬರಿಗೂ ಸ್ವಲ್ಪ ಮನಸ್ತಾಪವೂ ಇತ್ತು ಎಂದು ನಿನಗೆ ಗೊತ್ತು. ಆಮೇಲೆ ಕಾಯಿಲೆ ಬಂತು. ಕೀಮೋ ಕುರ್ಚಿಯಲ್ಲಿ ಕುಳಿತು ಅವನು ಆ ಕಡಲ ತೀರದ ನಕ್ಷೆ ತೆಗೆದು ದ್ವೀಪಗಳ ಹೆಸರು ಓದುತ್ತಿದ್ದದ್ದು, ನೀನು ಪಕ್ಕದಲ್ಲಿ ಕುಳಿತು ತಲೆ ಆಡಿಸುತ್ತಿದ್ದದ್ದು, ನಾನು ಗಂಜಿಯ ಡಬ್ಬಿ ಹಿಡಿದುಕೊಂಡು ಇನ್ನೆರಡು ಚಮಚ ಎಂದು ಗೋಗರೆಯುತ್ತಿದ್ದದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಕೊನೆಯ ಆ ಬೆಳಗ್ಗೆ ಅವನು "ಟೇಕ್ ಮಿ ಹೋಮ್" ಎಂದ. ಕೋಣೆಯಲ್ಲಿ ನಾವು ಮೂವರಿದ್ದೆವು. ನೀನು ಅವನ ಕೈ ಹಿಡಿದು, ಕರೆದುಕೊಂಡು ಹೋಗುತ್ತೇನೆ, ಐರ್ಲೆಂಡಿಗೇ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ. ಅವನು ಕಣ್ಣು ಮುಚ್ಚಿಕೊಂಡ. ಹೌದು ಎಂದನೋ, ಬಳಲಿಕೆಯೋ, ಯಾರು ಬಲ್ಲರು. ಬೀಗರು ಕಿಟಕಿಯ ಹತ್ತಿರ ಟೋಪಿ ಹಿಡಿದುಕೊಂಡು ನಿಂತಿದ್ದರು.

ನೀನು ಮಾತು ಉಳಿಸಿಕೊಂಡವಳು. ಅಷ್ಟು ದೂರ, ಒಬ್ಬಳೇ, ಮಡಿಲಲ್ಲಿ ಅವನ ಬೂದಿಯ ಕರಡಿಗೆ ಇಟ್ಟುಕೊಂಡು ಹೋದದ್ದು ನೆನೆದರೆ ನನಗೆ ಸಂಕಟವೂ ಹೆಮ್ಮೆಯೂ ಒಟ್ಟಿಗೆ ಆಗುತ್ತದೆ. ಆದರೆ ಮೊನ್ನೆ ನೀನು ಬರೆದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ಅಂಗಡಿ, ಹೋಟೆಲು, ಸಮಾಧಿಕಲ್ಲು, ಎಲ್ಲಿ ನೋಡಿದರೂ ಓ'ಡ್ರಿಸ್ಕಾಲ್ ಎಂಬ ಹೆಸರೇ. ಆದರೆ ನಾನೂ ಆ ಮನೆಯ ಸೊಸೆ ಎಂದರೆ, ನೀವು ಯಾವ ಡ್ರಿಸ್ಕಾಲ್‌ಗಳು ಎಂದು ಕೇಳುತ್ತಾರೆ, ನನ್ನ ಹತ್ತಿರ ಉತ್ತರವಿಲ್ಲ ಎಂದು ಬರೆದಿದ್ದೀ. ಒಂದೇ ಹೆಸರಿನವರು ಊರ ತುಂಬ ಇರುವುದರಿಂದ ಅಲ್ಲಿ ಮನೆ ಮನೆಗೂ ಬೇರೆ ಅಡ್ಡಹೆಸರಂತೆ. ನಮ್ಮ ಕಟಪಾಡಿ ಕಡೆ ಹೊಸಬರು ಬಂದರೆ ಹೆಸರು ಕೇಳಿ ಸುಮ್ಮನಾಗುತ್ತಾರಾ? ಬಳಿ ಯಾವುದು ಎಂದು ಕೇಳುತ್ತಾರೆ. ನಿನ್ನ ಅಜ್ಜಿಯಿಂದ ನನಗೆ, ನನ್ನಿಂದ ನಿನಗೆ, ನಿನ್ನಿಂದ ಗಾರ್ಗಿಗೆ, ತಾಯಿಯಿಂದ ತಾಯಿಗೆ ಬಂದ ಆ ಕುಲದ ಗುರುತು ಹೇಳಿದ ಮೇಲೆಯೇ ಕುಳಿತುಕೊಳ್ಳಲು ಚಾಪೆ. ಫ್ಲಾರೆನ್ಸ್‌ನ ಮನೆಗೆ ಏನೆನ್ನುತ್ತಿದ್ದರೋ, ಅದನ್ನು ಇಲ್ಲಿ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಪಾಪ, ನಮ್ಮ ಹುಡುಗ ಅಷ್ಟು ಕಷ್ಟಪಟ್ಟು ಓ ಎತ್ತಿಕೊಂಡ. ಅವರು ಕೇಳುವುದೇ ಬೇರೆ.

ಕಳೆದ ವಾರದ ಭಾನುವಾರ ಒಂದು ಎಡವಟ್ಟು ಮಾಡಿದೆ. ಬೀಗರು ಚಾ ಕುಡಿಯುತ್ತಾ, ಬೂದಿಯನ್ನು ಕಡಲಿಗೆ ಬಿಡಲು ದೋಣಿಯವನು ಅವಳನ್ನು ಯಾವಾಗ ಕರೆದುಕೊಂಡು ಹೋಗುತ್ತಾನಂತೆ ಎಂದು ಕೇಳಿದರು. ಸಮುದ್ರ ಸರಿಯಿಲ್ಲ, ಗಾಳಿ ನಿಂತ ಮೇಲಂತೆ ಎಂದೆ. ಅವರ ಮುಖ ನೋಡಿ ತಡೆಯಲಾರದೆ, ಬೇಕಿದ್ದರೆ ಅರ್ಧ ಅಲ್ಲಿ ಬಿಟ್ಟು ಅರ್ಧ ವಾಪಸು ತರಲು ಅಪೇಕ್ಷಾಳಿಗೆ ಹೇಳುತ್ತೇನೆ ಎಂದುಬಿಟ್ಟೆ. ನಮಗೆ ಅದರಲ್ಲಿ ಏನಿದೆ ಹೇಳು. ನಿನ್ನ ಅಪ್ಪನದ್ದು ಅರ್ಧ ಇಲ್ಲಿಯ ಸಮುದ್ರಕ್ಕೆ, ಅರ್ಧ ಉದ್ಯಾವರದ ಹೊಳೆಗೆ ಬಿಡಲಿಲ್ಲವಾ? ಬೀಗರು ಕಪ್ಪು ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋಗಿ ನಿಂಬೆಗಿಡದ ಹತ್ತಿರ ನಿಂತುಬಿಟ್ಟರು. ನಾನು ಏನು ತಪ್ಪು ಹೇಳಿದೆ ಎಂದು ಗೊತ್ತಾಗದೆ ಹಿಂದೆಯೇ ಹೋದೆ. "ಯೂ ಡೋಂಟ್ ಕಟ್ ಎ ಬಾಯ್ ಇನ್ ಟೂ" ಎಂದರು, ನನ್ನ ಕಡೆ ತಿರುಗದೆ. ಅವರ ಚರ್ಚಿನ ರೀತಿಯಲ್ಲಿ ಬೂದಿಯಾದರೂ ಅದು ಇಡೀ ದೇಹ. ಹಂಚುವ ಹಾಗಿಲ್ಲ, ನೀರಿಗೆ ಬಿಡುವ ಹಾಗೂ ಇಲ್ಲ, ಮಂತ್ರಿಸಿದ ಮಣ್ಣಿನಲ್ಲಿ ಇಡಬೇಕು. ಅವನನ್ನು ಸುಡುವುದಕ್ಕೆ ಅವರು ಒಪ್ಪಿದ್ದೇ ನಿನ್ನ ಮುಖ ನೋಡಿ ಎಂದು ನನಗೆ ಅವತ್ತು ಗೊತ್ತಾಯಿತು. ಇವರು ಸುಡುವವರು, ಇವಳಿಗೆ ಅದೇ ಸಮಾಧಾನ ಎಂದುಕೊಂಡು ಸುಮ್ಮನಿದ್ದರು. ಅಪೇಕ್ಷಾ, ನಾವು ಅವರನ್ನು ಒಂದು ಮಾತೂ ಕೇಳಲಿಲ್ಲ.

ನಿನ್ನೆ ಅವರಲ್ಲಿ ಸತ್ತವರನ್ನೆಲ್ಲ ನೆನೆಯುವ ದಿನ. ಕಟಪಾಡಿಯಲ್ಲಿ ನಮ್ಮ ಪಕ್ಕದ ಮನೆಯ ಕ್ರಿಶ್ಚಿಯನ್ನರು ಸಮಾಧಿಗೆ ಹೂವು ಹಾಕಿ ಮೇಣದಬತ್ತಿ ಹಚ್ಚಲು ಹೋಗುತ್ತಿದ್ದರಲ್ಲ, ಅದೇ ದಿನ. ಬೀಗರು ಈ ಸಲ ಇಲ್ಲಿಗೆ ಬರಲಿಲ್ಲ. ನೀವೇ ಕೋಲ್ಮಾಕ್ಕೆ ಬರುತ್ತೀರಾ ಎಂದು ಕೇಳಿದರು. ನಾನೂ ಗಾರ್ಗಿಯೂ ರೈಲು ಬದಲಿಸಿಕೊಂಡು ಹೋದೆವು. ಮಂಜು ಕವಿದು ಹತ್ತು ಹೆಜ್ಜೆಯಾಚೆಗೆ ಏನೂ ಕಾಣುತ್ತಿರಲಿಲ್ಲ. ಬದುಕಿದವರಿಗಿಂತ ಸತ್ತವರೇ ಹೆಚ್ಚಿರುವ ಊರು ಅದು. ದಾರಿಯ ಎರಡೂ ಬದಿಗೆ ಸಮಾಧಿ, ಮತ್ತೆ ಸಮಾಧಿ. ಮೊದಲು ಫ್ಲಾರೆನ್ಸ್ ಇರುವ ಆ ದೊಡ್ಡ ದಿಬ್ಬದ ಹತ್ತಿರ ಕರೆದುಕೊಂಡು ಹೋದರು. ಒಂದು ಜಾಗದಲ್ಲಿ ನಿಂತು ಹೂವಿಟ್ಟರು. ಇಲ್ಲೇ ಇದ್ದಾನೆ ಎಂದು ಹೇಗೆ ಗೊತ್ತು ಎಂದು ಗಾರ್ಗಿ ಇಂಗ್ಲಿಷಿನಲ್ಲಿ ಕೇಳಿದಳು. ಗೊತ್ತಿಲ್ಲ ಪುಟ್ಟೀ, ನನ್ನ ಅಪ್ಪ ಇಲ್ಲಿಡುತ್ತಿದ್ದರು, ನಾನೂ ಇಲ್ಲಿಡುತ್ತೇನೆ, ಎಲ್ಲೋ ಒಂದು ಕಡೆ ಇಡಬೇಕಲ್ಲ ಎಂದರು.

ಆಮೇಲೆ ಮೊರೀನ್ ಹತ್ತಿರ ಹೋದೆವು. ನೀನು ನಿನ್ನ ಅತ್ತೆಯನ್ನು ಮಣ್ಣು ಮಾಡಿದ ದಿನ ನೋಡಿದ್ದೀಯಲ್ಲ, ಅದೇ ಬೂದು ಕಲ್ಲು. ಮೇಲೆ ದೊಡ್ಡ ಅಕ್ಷರದಲ್ಲಿ ಡ್ರಿಸ್ಕಾಲ್, ಕೆಳಗೆ ಮೊರೀನ್ ಹೆಸರು, ಅದರ ಕೆಳಗೆ ಇನ್ನೂ ಇಬ್ಬರಿಗೆ ಸಾಕಾಗುವಷ್ಟು ಖಾಲಿ ಜಾಗ. ಈಗ ಅದರಲ್ಲಿ ಒಂದು ಖಾಲಿಯಿಲ್ಲ ಮಗಳೇ. ಡೆಕ್ಲನ್ ಓ'ಡ್ರಿಸ್ಕಾಲ್ ಎಂದು ಕೆತ್ತಿಸಿದ್ದಾರೆ. ಜನ್ಮದಲ್ಲಿ ಒಪ್ಪದಿದ್ದ ಆ ಓ ಕೆತ್ತಿಸಿದ್ದಾರೆ. ಅವನು ತೀರಿಹೋದ ವಾರದಲ್ಲೇ ಕಲ್ಲಿನವನಿಗೆ ಹೇಳಿದ್ದಂತೆ, ನೀನು ಐರ್ಲೆಂಡಿಗೆ ಟಿಕೆಟು ತೆಗೆಯುವ ಮೊದಲೇ. ಅವಳ ಮಾತು ಸಂಕಟದಲ್ಲಿ ಆಡಿದ್ದು, ಕೊನೆಗೆ ಇಲ್ಲಿಗೇ ತರುತ್ತಾಳೆ ಎಂದುಕೊಂಡಿದ್ದರು. ನೀನು ಹೊರಟು ನಿಂತ ಮೇಲೆ ಹೇಳಲು ಬಾಯಿ ಬರಲಿಲ್ಲ. ಗಾರ್ಗಿ ಆ ಅಕ್ಷರಗಳ ಮೇಲೆ ಬೆರಳು ಆಡಿಸುತ್ತಾ ಅಪ್ಪ ಇಲ್ಲಿದ್ದಾರಾ ಎಂದು ಕೇಳಿದಳು. ನಾಟ್ ಯೆಟ್ ಎಂದು ಬೀಗರು ಹೇಳಿದರು.

ವಾಪಸು ಬರುವಾಗ ಸ್ಟೇಷನ್ನಿನ ಬೆಂಚಿನ ಮೇಲೆ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. ಅವತ್ತು ಅವನು ಹೋಮ್ ಎಂದಾಗ ಅವಳಿಗೆ ಐರ್ಲೆಂಡು ಕೇಳಿಸಿತು, ನನಗೆ ಮೂವತ್ತೆಂಟನೇ ಅವೆನ್ಯೂವಿನ ನಮ್ಮ ಮನೆ ಕೇಳಿಸಿತು, ಹೆಂಡತಿಯ ಕಿವಿಯ ಮುಂದೆ ಅಪ್ಪನ ಕಿವಿ ಏನು ಮಹಾ ಎಂದು. ಇನ್ನೊಂದು ಮಾತೂ ಹೇಳಿದರು. ನನ್ನ ಜನ ಆ ಕಡಲು ದಾಟಲು ಏನೇನು ಕಷ್ಟಪಟ್ಟರು ಸರೋಜಿನಿ, ನನ್ನ ಮಗನೊಬ್ಬನನ್ನೇ ಅದಕ್ಕೆ ವಾಪಸು ಕೊಡುವುದಾ ಎಂದರು. ನಾನು ಅವರಿಗೆ ನಮ್ಮ ಭಾಷೆಯ ಕಥೆ ಹೇಳಿದೆ. ನಿಮಗೆ ಹೋಮ್ ಎಂದು ಒಂದೇ ಶಬ್ದ, ನಮಗೆ ಎರಡು, ಮನೆ ಮತ್ತು ಊರು. ಕನ್ನಡದಲ್ಲಿ ಹೇಳಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ ಎಂದೆ. ಹೇಳಿದ ಕೂಡಲೇ ನನಗೆ ಒಂದು ನೆನಪಾಯಿತು. ನನ್ನ ಗೆಳತಿ ಪ್ರಭಾಳ ಮನೆಯ ಗೃಹಪ್ರವೇಶದ ದಿನ ಬಂದವರೆಲ್ಲ ಡೆಕ್ಲನ್‌ನನ್ನು ನಿಲ್ಲಿಸಿ ನಿಲ್ಲಿಸಿ, ನಿಮ್ಮ ಊರು ಯಾವುದು ಎಂದು ಕನ್ನಡದಲ್ಲೇ ಪರೀಕ್ಷೆ ಮಾಡುತ್ತಿರಲಿಲ್ಲವಾ? ಅವನು ಏನೆಂದ? ನೀನೇ ಕಲಿಸಿದ್ದ ಕನ್ನಡದಲ್ಲಿ, "ನನ್ನ ಊರು ಸನ್‌ಸೆಟ್ಟು" ಎಂದ. ಆ ಮೂವತ್ತೆಂಟನೇ ಅವೆನ್ಯೂ ಇರುವ ಕೇರಿ. ಸೂರ್ಯ ಮುಳುಗುವ ಊರಾ ಎಂದು ಪ್ರಭಾ ಚುಡಾಯಿಸಿದರೆ, ಹೌದು, ಆದರೆ ಮಂಜಿನಲ್ಲಿ ಸೂರ್ಯ ಕಾಣುವುದಿಲ್ಲ ಎಂದು ನಗಿಸಿದ. ಅಷ್ಟು ನಕ್ಷೆ ಓದುತ್ತಿದ್ದವನು ಒಂದು ದಿನವೂ ನನ್ನ ಊರು ಐರ್ಲೆಂಡು ಎಂದು ಕನ್ನಡದಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ನೀನು ಕೇಳಿದ್ದೀಯಾ? ಇದ್ದರೂ ಇರಬಹುದು, ಗಂಡ ಹೆಂಡತಿಯ ಮಾತು ನನಗೇನು ಗೊತ್ತು.

ಇದನ್ನೆಲ್ಲ ನಿನಗೆ ಹೇಳಬೇಕಾ ಬೇಡವಾ ಎಂದು ಯೋಚಿಸಿ ಯೋಚಿಸಿ ತಲೆ ಹನ್ನೆರಡಾಣೆಯಾಗಿದೆ. ಬೀಗರು ಹೇಳಬೇಡಿ ಎಂದಿದ್ದಾರೆ. ಅವಳಿಗೆ ಇರುವ ದುಃಖವೇ ಸಾಕು, ಕಲ್ಲಿನ ಮೇಲೆ ಹೆಸರಿದೆಯಲ್ಲ, ಖಾಲಿ ಜಾಗಕ್ಕೆ ಹೂವಿಡುವುದು ನಮ್ಮ ಮನೆಗೆ ಹೊಸದಲ್ಲ ಎಂದಿದ್ದಾರೆ. ನಾನು ನಿನ್ನನ್ನು ಇದು ಮಾಡು, ಅದು ಮಾಡು ಎಂದು ಒತ್ತಾಯಿಸುವುದಿಲ್ಲ. ಅವನ ಕೈ ಹಿಡಿದವಳು ನೀನು, ಮಾತು ಕೊಟ್ಟವಳೂ ನೀನು. ನೀನು ಏನು ಮಾಡಿದರೂ ನನ್ನ ಮಗಳೇ. ಚಳಿಯಲ್ಲಿ ಕಡಲ ಬದಿಗೆ ಹೋಗುವಾಗ ಕಿವಿ ಮುಚ್ಚುವ ಟೋಪಿ ಹಾಕಿಕೋ. ದೋಣಿಯಲ್ಲಿ ಅಂಚಿಗೆ ಕೂರಬೇಡ.

ನಮ್ಮ ದೈವ ದೇವರು ನಿನ್ನ ಬೆನ್ನಿಗಿರಲಿ. ಗೆಸ್ಟ್‌ಹೌಸಿನ ಯಜಮಾನಿಗೆ ನನ್ನ ನಮಸ್ಕಾರ ಹೇಳು, ನನ್ನ ಮಗಳಿಗೆ ಬಿಸಿನೀರು ಕೊಟ್ಟದ್ದಕ್ಕೆ. ಗಾರ್ಗಿ ನಿನಗೆ ಮುತ್ತು ಕಳಿಸಿದ್ದಾಳೆ, ಅದು ಫೋಟೋದಲ್ಲಿ ಬರುವುದಿಲ್ಲವಲ್ಲ ಅಜ್ಜಿ ಎಂದು ಬೇಸರಪಟ್ಟುಕೊಂಡಳು.

ನಿನ್ನ ದಾರಿ ನೋಡುತ್ತಿರುವ,
ಅಮ್ಮ (ಸರೋಜಿನಿ)

ಮರೆತ ಮಾತು: ಗಾರ್ಗಿ ಫೋನು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಒತ್ತಾಯಿಸುವುದಿಲ್ಲ ಎಂದದ್ದು ಸುಳ್ಳು. ಅವನನ್ನು ಇನ್ನೂ ನೀರಿಗೆ ಬಿಟ್ಟಿಲ್ಲವಾದರೆ ಬಿಡಬೇಡ, ಇಡಿಯಾಗಿ ವಾಪಸು ಕರೆದುಕೊಂಡು ಬಾ. ಬಿಟ್ಟಾಗಿದ್ದರೆ, ಆ ಮಾತನ್ನು ನನಗೂ ಬರೆಯಬೇಡ, ಯಾರಿಗೂ ಹೇಳಬೇಡ. ಆ ಗೆಸ್ಟ್‌ಹೌಸಿನ ಒಲೆಯ ಬೂದಿ ಕೇಳಿ ಕರಡಿಗೆಗೆ ತುಂಬು, ಮುಚ್ಚಳ ಭದ್ರ ಮಾಡಿ ತಾ. ಇಲ್ಲಿ ಅದನ್ನು ತೆರೆದು ನೋಡುವವರು ಯಾರೂ ಇಲ್ಲ. ಪಾಪ ಬರುವುದಾದರೆ ನನಗೆ ಬರಲಿ. ಮಗ ಮನೆಗೆ ಬಂದ ಎಂದು ಬೀಗರಿಗೆ ನಾನು ಹೇಳುತ್ತೇನೆ.